ವಿಷ್ಯ ಮೊದ್ಲು ಹೇಳಿ, ಮಳೆ ಸುದ್ದಿ ಆಮೇಲೆ

ಮಾನ್ಯ ಸಂಪಾದಕರೇ,

ನಮಸ್ಕಾರ. ಫೋನಲ್ಲಿ, ವಾಯ್ಸ್ ಮೆಸೇಜಲ್ಲಿ ನಾವು ಸುದ್ದಿ ಹೇಳೋ ರೀತಿ ಬಗ್ಗೆ ಬರೀತಿದೀನಿ. ಪತ್ರ ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಹಾಕೋಕೆ ಜಾಗ ಇಲ್ಲ ಅಂದ್ರೆ ಎಲ್ಲಿ ಬೇಕೋ ಅಲ್ಲಿ ಕತ್ತರಿಸಿ, ಆದ್ರೆ ನಮ್ಮಕ್ಕನ ವಿಷ್ಯ ಬರೆದಿರೋದನ್ನ ಮಾತ್ರ ಬಿಡಬೇಡಿ, ಈ ಪತ್ರ ಬರೀತಿರೋದೇ ಅದಕ್ಕೋಸ್ಕರ.

ನಾನು 1982ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿ ಕೆಲಸಕ್ಕೆ ಸೇರಿದವಳು. ಆಗ ಇಲಾಖೆ ಕೇಂದ್ರ ಸರ್ಕಾರದ್ದೇ, 2000ದ ಅಕ್ಟೋಬರಲ್ಲಿ ಬಿಎಸ್‌ಎನ್‌ಎಲ್ ಆಯ್ತು, 2020ರ ಜನವರಿ 31ಕ್ಕೆ ದೇಶದಲ್ಲೆಲ್ಲ ಸುಮಾರು 78 ಸಾವಿರ ಜನ ಒಂದೇ ದಿನ ಸ್ವಯಂ ನಿವೃತ್ತಿ ತಗೊಂಡು ಹೊರಗೆ ಬಂದ್ವಲ್ಲ, ಅವರಲ್ಲಿ ನಾನೂ ಒಬ್ಬಳು. ಅಂದ್ರೆ ಸುಮಾರು ಮೂವತ್ತೆಂಟು ವರ್ಷ ಫೋನೇ ನನ್ನ ಅನ್ನ. ಇನ್ನೊಬ್ಬರ ಮಾತನ್ನ ಇನ್ನೊಬ್ಬರಿಗೆ ಮುಟ್ಟಿಸೋದೇ ನನ್ನ ಕೆಲಸ ಆಗಿತ್ತು. ಹಾಗಾಗಿ ಈ ವಿಷ್ಯದಲ್ಲಿ ನನಗೆ ಸ್ವಲ್ಪ ಮಾತಾಡೋ ಹಕ್ಕಿದೆ ಅಂದ್ಕೊಂಡಿದೀನಿ.

ಹೋದ ವರ್ಷ ಆಷಾಢದಲ್ಲಿ ಆಗಿದ್ದು. ಬೆಂಗಳೂರಲ್ಲಿ ಮಗಳ ಮನೇಲಿ ನಾಕು ದಿನ ಇದ್ದು ಸಂಜೆ ರೈಲಿಗೆ ಶಿವಮೊಗ್ಗಕ್ಕೆ ವಾಪಸ್ ಬರ್ತಿದ್ದೆ. ಅರಸೀಕೆರೆ ದಾಟಿತ್ತು. 7 ಗಂಟೆ 52 ನಿಮಿಷಕ್ಕೆ ಒಂದು ಮಿಸ್ ಕಾಲ್, ಎರಡೇ ರಿಂಗು, ಬ್ಯಾಗಿಂದ ಫೋನ್ ತೆಗೆಯೋಷ್ಟರಲ್ಲಿ ಕಟ್. ನೋಡಿದ್ರೆ ತೀರ್ಥಹಳ್ಳಿ ಹತ್ರ ನಮ್ಮಕ್ಕನ ಮನೆ ಪಕ್ಕದ ಹುಡುಗನ ನಂಬರು. ವಾಪಸ್ ಮಾಡಿದೆ, ನಾಟ್ ರೀಚಬಲ್. ಮಳೆಗಾಲದಲ್ಲಿ ಆ ಕಡೆ ಕರೆಂಟ್ ಹೋದ್ರೆ ಟವರೂ ಹೋಗತ್ತೆ, ಅದು ಹೊಸದಲ್ಲ. ಒಂದು ಹತ್ತು ನಿಮಿಷಕ್ಕೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಬಂತು, 6 ನಿಮಿಷ 40 ಸೆಕೆಂಡು. ಕೆಳಗೆ ಒಂದಕ್ಷರ ಟೈಪ್ ಮಾಡಿರ್ಲಿಲ್ಲ.

ಕೇಳೋಣ ಅಂತ ಒತ್ತಿದೆ. ಎದುರಿಗೆ ಕೂತಿದ್ದ ಇಬ್ಬರು ಇಯರ್‌ಫೋನ್ ಇಲ್ದೆ ರೀಲ್ಸ್ ನೋಡ್ತಿದ್ರು, ಹತ್ತು ಸೆಕೆಂಡಿಗೊಂದು ಹಾಡು ಬದಲಾಗ್ತಿತ್ತು, ಪಕ್ಕದ ಸಾಲಲ್ಲಿ ಒಬ್ಬರು ಸ್ಪೀಕರ್ ಹಾಕ್ಕೊಂಡು ಸೈಟ್ ರಿಜಿಸ್ಟ್ರೇಷನ್ ಬಗ್ಗೆ ಆ ಕಡೆಯವರ ಜೊತೆ ಜೋರಾಗಿ ಜಗಳ ಆಡ್ತಿದ್ರು, ಇಡೀ ಬೋಗಿಗೆ ಆ ಸೈಟಿನ ಅಳತೆ ಗೊತ್ತಾಗಿತ್ತು. ನಾನು ಫೋನ್ ಕಿವಿಗೆ ಒತ್ತಿ ಹಿಡ್ಕೊಂಡು ಕೇಳಿದೆ. "ಚಿಕ್ಕಮ್ಮ, ಹೆಂಗಿದೀರ, ಇಲ್ಲಿ ಮೂರು ದಿನದಿಂದ ಬಿಡದೆ ಮಳೆ, ತೋಟಕ್ಕೆ ಇಳಿಯೋಂಗಿಲ್ಲ, ಔಷಧಿ ಹೊಡೆಯೋಕೆ ಆಗಿಲ್ಲ, ಈ ಸಲ ಅಡಿಕೆಗೆ ಕೊಳೆರೋಗ ಜಾಸ್ತಿ ಆಗತ್ತೆ..." ಇಷ್ಟು ಕೇಳಿಸ್ತು, ಆಮೇಲೆ ರೀಲ್ಸಿನ ಹಾಡು. ಸರಿ, ಮಳೆ ಸುದ್ದಿ, ಮನೆಗೆ ಹೋಗಿ ನಿಧಾನಕ್ಕೆ ಕೇಳಿದ್ರಾಯ್ತು ಅಂತ ಫೋನ್ ಒಳಗಿಟ್ಟೆ. ಶಿವಮೊಗ್ಗ ಸ್ಟೇಷನ್ನಲ್ಲಿ ಇಳಿದಾಗ ಹತ್ತು ಗಂಟೆ. ಆಟೋ ಹಿಡಿದು ಮನೆಗೆ ಹೋಗಿ ಒಂದು ಲೋಟ ಹಾಲು ಕುಡಿದು ಮಲಗಿದೆ.

ಬೆಳಗ್ಗೆ ಆರಕ್ಕೆ ಕಾಫಿಗೆ ನೀರಿಟ್ಟು ಆ ಮೆಸೇಜ್ ಮತ್ತೆ ಹಾಕಿದೆ. ಮಳೆ, ಕೊಳೆರೋಗ, ದರೆ ಕುಸಿದಿದ್ದು, ಲೈನ್‌ಮನ್ ಬರದೇ ಇದ್ದಿದ್ದು, ಎಲ್ಲ ಆಗಿ 4 ನಿಮಿಷ 50 ಸೆಕೆಂಡಿಗೆ ಹೇಳ್ತಾನೆ, "ದೊಡ್ಡಮ್ಮಂಗೆ ಮಧ್ಯಾಹ್ನದಿಂದ ಉಸಿರಾಟ ಕಷ್ಟ ಆಗಿದೆ, ಇಲ್ಲಿ ಡಾಕ್ಟ್ರು ಇಟ್ಕೊಳಲ್ಲ ಅಂದ್ರು, ಆಂಬುಲೆನ್ಸಲ್ಲಿ ಮಣಿಪಾಲಕ್ಕೆ ಕರ್ಕೊಂಡು ಹೋಗ್ತಿದೀವಿ, ನಿಮ್ಮ ಹತ್ರ ಮಾತಾಡ್ಬೇಕು ಅಂತಿದಾರೆ, ಆಗುಂಬೆ ಘಾಟಿಲಿ ನೆಟ್‌ವರ್ಕ್ ಇರಲ್ಲ, ಹೆಬ್ರಿ ದಾಟಿದ ಮೇಲೆ ಮಾಡಿ."

ಹೆಬ್ರಿ ದಾಟಿದ ಮೇಲೆ ಮಾಡಿ ಅಂದಿದ್ದ. ನಾನು ಶಿವಮೊಗ್ಗದಲ್ಲಿ ರೈಲಿಳಿದ ಹೊತ್ತಿಗೆ ಅವರು ಹೆಬ್ರಿ ದಾಟಿದ್ರು. ಹನ್ನೊಂದು ಗಂಟೆ ತನಕ ಅಕ್ಕ ಮಾತಾಡ್ತಿದ್ರಂತೆ, ಅವಳು ಬಂದ್ಲಾ ಮನೆಗೆ, ಫೋನ್ ಮಾಡಿದ್ಲಾ ಅಂತ ಎರಡು ಸಲ ಕೇಳಿದ್ರಂತೆ. ಮಧ್ಯರಾತ್ರಿ ಮೇಲೆ ವೆಂಟಿಲೇಟರ್ ಹಾಕಿದ್ರು. ನಾನು ಸಿಕ್ಕ ಬಸ್ ಹತ್ತಿ ಮಣಿಪಾಲ ಮುಟ್ಟಿ ಗಾಜಿನಾಚೆಯಿಂದ ನೋಡಿದೆ, ಮಾತಿಲ್ಲ. ನಾಲ್ಕನೇ ದಿನ ಹೋಗ್ಬಿಟ್ರು.

ಮೂವತ್ತೆಂಟು ವರ್ಷ ಎಷ್ಟು ಸಾವಿರ ಜನರ ಫೋನ್ ನನ್ನ ಕೈಯಿಂದ ಕನೆಕ್ಟ್ ಆಗಿದೆಯೋ ಲೆಕ್ಕ ಇಟ್ಟಿಲ್ಲ, ನಮ್ಮಕ್ಕನ ಜೊತೆ ಕೊನೇ ಸಲ ಒಂದು ನಿಮಿಷ ಮಾತಾಡೋಕೆ ನನಗೆ ಆಗ್ಲಿಲ್ಲ. ಇದನ್ನ ಬರೆಯುವಾಗ್ಲೂ ಕೈ ನಡುಗತ್ತೆ.

ಅಕ್ಕನ ಮಗ ನ್ಯೂಜೆರ್ಸಿಲಿ ಇದಾನೆ. ಅವನಿಗೂ ಆವತ್ತು ಸುದ್ದಿ ಮುಟ್ಟಿಲ್ಲ. ನಮ್ಮ ಭಾವನ ತಮ್ಮ ಐಎಸ್‌ಡಿ ಹಾಕಿ ಅವನ ಮೊಬೈಲಿಗೆ ಮೂರು ಸಲ ಮಾಡಿದಾರೆ, ಅಲ್ಲಿ ಬೆಳಗ್ಗೆ ಹನ್ನೊಂದು ಗಂಟೆ, ಆಫೀಸಲ್ಲಿ ಮೀಟಿಂಗ್, ಫೋನ್ ಸೈಲೆಂಟು. ವಾಯ್ಸ್ ಮೇಲ್‌ಗೆ ಹೋಯ್ತು, ಅಂದ್ರೆ ಫೋನ್ ಎತ್ತದಿದ್ರೆ ಮಾಡಿದವರ ಮಾತು ರೆಕಾರ್ಡ್ ಮಾಡಿಡೋ ಡಬ್ಬಿಗೆ. ಅಲ್ಲಿ ಒಂದು ಇಂಗ್ಲಿಷ್ ಧ್ವನಿ, ಮೇಲ್‌ಬಾಕ್ಸ್ ತುಂಬಿದೆ, ಮೆಸೇಜ್ ತಗೊಳಕ್ಕಾಗಲ್ಲ ಅಂತ ಹೇಳಿ ಕಟ್. ನಮ್ಮೂರಲ್ಲಿ ವಾಯ್ಸ್ ಮೇಲ್ ಅನ್ನೋದು ಬಳಕೆಗೇ ಬರ್ಲಿಲ್ಲ, ಎತ್ತಿಲ್ಲ ಅಂದ್ರೆ ಮಿಸ್ ಕಾಲ್ ನೋಡಿ ಮಾಡ್ತಾರೆ ಬಿಡು ಅನ್ನೋದೇ ನಮ್ಮ ಪದ್ಧತಿ, ಆದ್ರೆ ಅಮೆರಿಕಾದಲ್ಲಿ ಗೊತ್ತಿಲ್ಲದ ನಂಬರ್ ಎತ್ತದೆ ವಾಯ್ಸ್ ಮೇಲ್‌ಗೆ ಬಿಡೋರೇ ಜಾಸ್ತಿ, ಅಂಥ ಕಡೆ ಇದ್ದುಕೊಂಡು ಆ ಡಬ್ಬಿನ ಖಾಲಿ ಮಾಡದೇ ಇದ್ರೆ ಮನೆ ಬಾಗಿಲು ಒಳಗಿಂದ ಚಿಲಕ ಹಾಕ್ಕೊಂಡಂಗೆ. ಆ ಪಕ್ಕದ ಮನೆ ಹುಡುಗ ನಮ್ಮ ಫ್ಯಾಮಿಲಿ ಗ್ರೂಪಲ್ಲೂ ಅದೇ ವಾಯ್ಸ್ ಹಾಕಿದ್ದ. ಗ್ರೂಪಲ್ಲಿ ದಿನಾ ಗುಡ್ ಮಾರ್ನಿಂಗ್ ಹೂವಿನ ಫೋಟೋ, ಫಾರ್ವರ್ಡು, ಏಕಾದಶಿ ಶುಭಾಶಯ ಅಂತ ಬೆಳಗ್ಗೆ ಎದ್ರೆ ಐವತ್ತು ಅರವತ್ತು ಬಂದಿರತ್ತೆ, ಅದಕ್ಕೇ ಅರ್ಧಕ್ಕರ್ಧ ಜನ ಮ್ಯೂಟ್ ಮಾಡಿಟ್ಟಿದಾರೆ, ಅಕ್ಕನ ಮಗನೂ ಮಾಡಿದ್ದ. ಅಮ್ಮನ ಸುದ್ದಿ ಆ ಹೂವಿನ ಫೋಟೋಗಳ ಕೆಳಗೆ ಹೂತೋಗಿತ್ತು. ಮೂರನೇ ದಿನ ಬಂದ, ಅಮ್ಮನ ಕೈ ಹಿಡ್ಕೊಂಡು ಕೂತಿದ್ದ ಅಷ್ಟೇ.

ನಾನು ಆ ಪಕ್ಕದ ಮನೆ ಹುಡುಗನ್ನ ಬೈತಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ಆ ಮಳೇಲಿ ಆಂಬುಲೆನ್ಸ್ ಗೊತ್ತು ಮಾಡಿ ಅಕ್ಕನ ಜೊತೆ ಕೂತು ಘಾಟಿ ಇಳಿದವನು ಅವನೇ, ಹೆತ್ತ ಮಗ ಮಾಡೋದನ್ನ ಅವನು ಮಾಡಿದಾನೆ. ಅವನಿಗೆ ಗಾಬರಿ ಆಗಿತ್ತು. ಗಾಬರಿ ಆದವರು ಕತೆನ ಯಾವಾಗ್ಲೂ ಶುರುವಿಂದ ಹೇಳ್ತಾರೆ, ಇದನ್ನ ನಾನು ಎಕ್ಸ್‌ಚೇಂಜಲ್ಲಿ ಪ್ರತಿದಿನ ನೋಡಿದೀನಿ. ಆಗ ಟ್ರಂಕ್ ಕಾಲ್, ಅಂದ್ರೆ ಎಕ್ಸ್‌ಚೇಂಜ್ ಮೂಲಕ ದೂರದೂರಿಗೆ ಮಾಡೋ ಕಾಲ್, ಬುಕ್ ಮಾಡೋಕೆ 180 ತಿರುಗಿಸ್ತಿದ್ರು. ಅಪ್ಪ ತೀರ್ಕೊಂಡಿದಾರೆ, ಬೊಂಬಾಯಿಲಿರೋ ಅಣ್ಣಂಗೆ ಹೇಳ್ಬೇಕು, ಆದ್ರೆ ನಮ್ಮ ಹತ್ರ ಶುರು ಮಾಡೋದು "ನಿನ್ನೆ ರಾತ್ರಿ ಊಟ ಮಾಡಿ ಚೆನ್ನಾಗೇ ಮಲಗಿದ್ರು ಮೇಡಂ" ಅಂತ. ನಾವು ಸಮಾಧಾನವಾಗಿ ಮಧ್ಯೆ ತಡೆದು ಕೇಳ್ತಿದ್ವಿ, ಯಾವೂರಿಗೆ, ಯಾವ ನಂಬರ್, ಯಾರು ಬೇಕು. ಈ ಮೂರು ಕೇಳಿದ ತಕ್ಷಣ ಅವರಿಗೂ ಉಸಿರು ಸರಿಯಾಗ್ತಿತ್ತು, ಮಾತು ಸಾಲಿಗೆ ಬರ್ತಿತ್ತು. ಫೋನಲ್ಲಿ ಎದುರುಬದುರು ಮಾತಾಡಿದ್ರೂ ಅಷ್ಟೇ, ಆ ಕಡೆಯವರು "ಏನಾಯ್ತು ಮೊದ್ಲು ಹೇಳು" ಅಂತಾರೆ. ವಾಯ್ಸ್ ಮೆಸೇಜಲ್ಲಿ ಮಧ್ಯೆ ತಡೆಯೋರೇ ಇಲ್ಲ. ಬಟನ್ ಒತ್ತಿ ಒಬ್ಬರೇ ಮಾತಾಡ್ತಾ ಹೋಗೋದು, ಮಾತು ಎಲ್ಲೆಲ್ಲಿಗೋ ಹರಿದು ಕೊನೇಲಿ ವಿಷ್ಯಕ್ಕೆ ಬರತ್ತೆ. ಕೇಳೋರಿಗೆ ಹೊರಗಡೆಯಿಂದ ಕಾಣೋದು ಬರೀ ಒಂದು ಗೆರೆ, ಅದರ ಪಕ್ಕ ಎಷ್ಟು ನಿಮಿಷ ಅಂತ. ಒಳಗೆ ಸಾವಿದೆಯೋ ಮಳೆ ಇದೆಯೋ ಯಾರಿಗೆ ಗೊತ್ತಾಗ್ಬೇಕು?

ಆಗಿನ ಜನಕ್ಕೆ ಮೂರು ನಿಮಿಷದ ಲೆಕ್ಕ ಇತ್ತು. ಟ್ರಂಕ್ ಕಾಲ್ ಅಂದ್ರೆ ಮೂರು ನಿಮಿಷ, ಮುಗೀತು ಅಂದಾಗ ನಾವು ಲೈನಿಗೆ ಬಂದು "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ" ಅಂತ ಕೇಳ್ಬೇಕು. ಅರ್ಜೆಂಟ್ ಅಂದ್ರೆ ಎರಡು ಪಟ್ಟು ದುಡ್ಡು, ಲೈಟ್ನಿಂಗ್ ಅಂದ್ರೆ ಎಂಟು ಪಟ್ಟು, ಇಂಥವರೇ ಬೇಕು ಅಂದ್ರೆ ಪಿ.ಪಿ. ಕಾಲು, ಅದಕ್ಕೆ ಬೇರೆ ಚಾರ್ಜು. ಸಾಮಾನ್ಯದ ಕಾಲ್ ಬುಕ್ ಮಾಡಿದ್ರೆ ಎಷ್ಟೋ ಸಲ ಅರ್ಧ ದಿನ ಕಾಯ್ಬೇಕಿತ್ತು. ಅದಕ್ಕೇ ಜನ ಏನೇನು ಹೇಳ್ಬೇಕು ಅಂತ ಮದುವೆ ಕಾಗದದ ಹಿಂದೆ ಬರ್ಕೊಂಡು ಬರ್ತಿದ್ರು. ಎಕ್ಸ್‌ಚೇಂಜ್ ಪಕ್ಕದ ಪಬ್ಲಿಕ್ ಬೂತಲ್ಲಿ ಒಬ್ಬರು ಅಡಿಕೆ ಮಂಡಿಯವರು ಬರ್ತಿದ್ರು, ಒಂದೇ ಉಸಿರಿಗೆ ರೇಟು, ಮೂಟೆ, ಲಾರಿ ನಂಬರ್ ಹೇಳಿ ಒಂದೂಕಾಲು ನಿಮಿಷಕ್ಕೆ ಮುಗಿಸಿ, ಉಳಿದ ಹೊತ್ತಲ್ಲಿ ಮೊಮ್ಮಗಳನ್ನ ಕರೆಸಿ ಮಾತಾಡಿಸ್ತಿದ್ರು. ಟೆಲಿಗ್ರಾಂ ಅಂತೂ ಇನ್ನೂ ಬಿಗಿ, ಪದಕ್ಕೆ ಇಷ್ಟು ಅಂತ ದುಡ್ಡು. "ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯೆಟ್ಲಿ" ಅಂತ ನಾಕೇ ಪದ, ಇಂಗ್ಲಿಷ್ ಒಂದಕ್ಷರ ಬರದವರಿಗೂ ಅದರ ಅರ್ಥ ಗೊತ್ತಿತ್ತು, ಅಂಚೆಯವನು ಓದಿ ಹೇಳಿದ ಅರ್ಧ ಗಂಟೇಲಿ ಬಸ್ ಸ್ಟ್ಯಾಂಡಲ್ಲಿ ಇರ್ತಿದ್ರು. ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಂತಿದ್ದು 2013ರ ಜುಲೈಲಿ. ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಶುರು ಆಗಿದ್ದು ಅದರ ಮುಂದಿನ ತಿಂಗಳು, ಆಗಸ್ಟಲ್ಲಿ. ನಾಕು ಪದದ್ದು ಹೋಯ್ತು, ಆರು ನಿಮಿಷದ್ದು ಬಂತು.

ಹಾಗಂತ ಆ ಕಾಲನೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಕಾಲ್ ಸಿಗದೆ ಬೂತಿನ ಬೆಂಚಲ್ಲಿ ಅಳ್ತಾ ಕೂತಿದ್ದ ಹೆಣ್ಣುಮಕ್ಕಳನ್ನ ನಾನು ನೋಡಿದೀನಿ. 1995ರ ಜುಲೈ 31ಕ್ಕೆ ಕಲ್ಕತ್ತಾದಿಂದ ಜ್ಯೋತಿ ಬಸು ದಿಲ್ಲಿಗೆ ಮೊದಲ ಮೊಬೈಲ್ ಕಾಲ್ ಮಾಡಿದಾಗ ಅದು ಸಾಹುಕಾರರ ವಸ್ತು, ಒಳಗೆ ಬಂದ ಕಾಲಿಗೂ ದುಡ್ಡು ಕೊಡ್ಬೇಕಿತ್ತು, 2003ರಲ್ಲಿ ಇನ್‌ಕಮಿಂಗ್ ಫ್ರೀ ಆದ ಮೇಲೆ ತಾನೇ ಬಡವರ ಕೈಗೆ ಬಂದಿದ್ದು. ನನಗೆ ಅದು ಸಂತೋಷದ ವಿಷ್ಯ. ದುಡ್ಡಿನ ಭಯ ಹೋಯ್ತು, ಒಳ್ಳೇದೇ, ಆದ್ರೆ ಆ ದುಡ್ಡಿನ ಭಯ ನಮಗೆ ಹೇಳಿಕೊಟ್ಟಿದ್ದ ಒಂದು ಶಿಸ್ತೂ ಜೊತೇಲೇ ಹೋಯ್ತು, ಅದನ್ನ ಇನ್ಯಾರೂ ಹೇಳಿಕೊಡ್ಲಿಲ್ಲ. ಸ್ಕೂಲಲ್ಲಿ ರಜಾ ಅರ್ಜಿ ಬರೆಯೋದು ಹೇಳಿಕೊಡ್ತಾರೆ, ತಂದೆಯವರಿಗೆ ಪತ್ರ ಬರೆಯೋದು ಹೇಳಿಕೊಡ್ತಾರೆ, ಫೋನಲ್ಲಿ ಒಂದು ಸುದ್ದಿ ಹೇಳೋದು ಹೆಂಗೆ ಅಂತ ಯಾವ ಮೇಷ್ಟ್ರೂ ಹೇಳಿಕೊಡಲ್ಲ.

ವಾಯ್ಸ್ ಮೆಸೇಜ್ ಬೇಡ ಅಂತಾನೂ ನಾನು ಹೇಳ್ತಿಲ್ಲ. ಕನ್ನಡ ಟೈಪ್ ಮಾಡೋಕೆ ಬರದವರಿಗೆ, ಕಣ್ಣು ಮಂಜಾದವರಿಗೆ ಅದು ವರ. ನಮ್ಮಕ್ಕ ಓದಿದ್ದು ನಾಕನೇ ಕ್ಲಾಸು, ಟೈಪ್ ಮಾಡೋದು ಅವರಿಂದ ಆಗ್ತಿರ್ಲಿಲ್ಲ, ಆ ಮೈಕಿನ ಗುರುತು ಒತ್ತಿ ಹಿಡ್ಕೊಂಡು ಮಾತಾಡೋದನ್ನ ಆ ಹುಡುಗನೇ ಕಲಿಸಿಕೊಟ್ಟಿದ್ದ. ಮಲೆನಾಡಲ್ಲಂತೂ ಎಷ್ಟೋ ಮನೇಲಿ ಸಿಗ್ನಲ್ ಸಿಗೋದು ಅಂಗಳದ ಒಂದು ಮೂಲೇಲಿ, ಇಲ್ಲಾ ಗುಡ್ಡದ ಮೇಲೆ, ನೆಟ್‌ವರ್ಕ್ ಕೊಡಿ ಇಲ್ಲಾಂದ್ರೆ ವೋಟ್ ಹಾಕಲ್ಲ ಅಂತ ಊರಿನವರು ಬೋರ್ಡ್ ಹಾಕಿದ್ದೂ ಆಗಿದೆ. ಅಂಥ ಕಡೆ ಕಾಲ್ ನಿಲ್ಲಲ್ಲ, ವಾಯ್ಸ್ ಆದ್ರೆ ಒಂದು ಗೆರೆ ಸಿಗ್ನಲ್ ಬಂದಾಗ ತಾನಾಗೇ ಹೋಗತ್ತೆ. ಅಕ್ಕ ಕಳಿಸಿದ ವಾಯ್ಸ್ ಎಲ್ಲ ನನ್ನ ಫೋನಲ್ಲಿ ಹಾಗೇ ಇಟ್ಕೊಂಡಿದೀನಿ. ಒಂದೂ ಅರ್ಧ ನಿಮಿಷ ದಾಟಿಲ್ಲ. "ಪುಟ್ಟೀ, ನಾನು ಅಕ್ಕ. ಅಪ್ಪೆಮಿಡಿ ಹಾಕಿಟ್ಟಿದೀನಿ. ಶನಿವಾರ ಯಾರಾದ್ರೂ ಬರೋರಿದ್ರೆ ಹೇಳು, ಕೊಟ್ಟು ಕಳಿಸ್ತೀನಿ. ಮಳೆ ಇನ್ನೂ ಹಿಡಿದಿಲ್ಲ." ಹನ್ನೊಂದು ಸೆಕೆಂಡು. ಯಾರು ಅಂತ ಮೊದ್ಲು, ವಿಷ್ಯ ಆಮೇಲೆ, ನಾನು ಏನು ಮಾಡ್ಬೇಕು ಅನ್ನೋದು ಅದರ ಹಿಂದೆ, ಮಳೆ ಕೊನೇಲಿ. ಯಾರೂ ಹೇಳಿಕೊಟ್ಟಿದ್ದಲ್ಲ ಅದು, ಟ್ರಂಕ್ ಕಾಲ್ ಕಾಲದವರು.

ಇನ್ನು ಉಳಿದ ಅಭ್ಯಾಸಗಳ ಬಗ್ಗೆ. ಎರಡು ರಿಂಗ್ ಕೊಟ್ಟು ಕಟ್ ಮಾಡೋದು. ಆವತ್ತು ಘಾಟಿ ಹತ್ರ ಸಿಗ್ನಲ್ ಹೋಗಿ ಕಟ್ ಆಗಿದ್ದಿರ್ಬಹುದು, ಅದು ಬೇರೆ, ಆದ್ರೆ ಊರಲ್ಲಿ ಪೂರ್ತಿ ನೆಟ್‌ವರ್ಕ್ ಇಟ್ಕೊಂಡೂ ಜನ ಹೀಗೇ ಮಾಡ್ತಾರೆ. ಮೊಬೈಲ್ 30 ಸೆಕೆಂಡ್ ರಿಂಗ್ ಆಗ್ಬೇಕು, ಲ್ಯಾಂಡ್‌ಲೈನ್ 60 ಸೆಕೆಂಡ್ ಆಗ್ಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನವರು 2019ರಲ್ಲಿ ನಿಯಮ ಮಾಡಿದಾರೆ, ಕಂಪನಿಗಳು ಅದಕ್ಕಿಂತ ಬೇಗ ನಿಲ್ಲಿಸೋ ಹಾಗಿಲ್ಲ. ಆ ಮೂವತ್ತು ಸೆಕೆಂಡು ಯಾಕೆ ಬೇಕು ಅಂದ್ರೆ ಮಂಡಿ ನೋವಿರೋರು ಅಡುಗೆ ಮನೆಯಿಂದ ಹಾಲಿಗೆ ಬರೋಕೆ ಅಷ್ಟು ಹೊತ್ತು ಹಿಡಿಯತ್ತೆ. ನಿಯಮ ಇದ್ರೂ ಮಾಡಿದವರೇ ಆರು ಸೆಕೆಂಡಿಗೆ ಕಟ್ ಮಾಡಿದ್ರೆ ಏನು ಮಾಡೋದು? ನಾವು ಓಡಿ ಬಂದು ವಾಪಸ್ ಮಾಡಿದ್ರೆ ಅಷ್ಟರಲ್ಲಿ ಅವರು ಇನ್ಯಾರ ಜೊತೆಗೋ ಬ್ಯುಸಿ. ವಯಸ್ಸಾದವರಿಗೆ ಫೋನ್ ಮಾಡೋವಾಗ ರಿಂಗ್ ಪೂರ್ತಿ ಆಗೋಕೆ ಬಿಡಿ, ಒಂದು ಸಲ ಎತ್ತದಿದ್ರೆ ಐದು ನಿಮಿಷ ಬಿಟ್ಟು ಮಾಡಿ.

ಫೋನ್ ಮಾಡಿದವರೇ "ಹಲೋ, ಯಾರು ಮಾತಾಡೋದು?" ಅಂತ ಕೇಳೋದು ಇನ್ನೊಂದು. ಮಾಡಿದ್ದು ನೀವು, ಹೇಳ್ಬೇಕಾದ್ದು ನೀವು. ನಮಗೆ ಟ್ರೈನಿಂಗಲ್ಲಿ ಮೊದಲ ದಿನ ಹೇಳಿಕೊಟ್ಟಿದ್ದೇ ಇದು, ಮೊದ್ಲು ನೀನು ಯಾರು ಅಂತ ಹೇಳು ಅಂತ. ಈಗ ಇದು ಬರೀ ಮರ್ಯಾದೆ ಪ್ರಶ್ನೆ ಆಗಿ ಉಳಿದಿಲ್ಲ. ಪೊಲೀಸರು ಅಂತ ಹೇಳ್ಕೊಂಡು ಫೋನ್ ಮಾಡಿ, ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ವಯಸ್ಸಾದವರ ಜೀವಮಾನದ ಉಳಿತಾಯ ದೋಚ್ತಿದಾರೆ, ಕಾನೂನಲ್ಲಿ ಅಂಥ ಅರೆಸ್ಟೇ ಇಲ್ಲ, ಮೋಸ ಆದ್ರೆ 1930ಕ್ಕೆ ಫೋನ್ ಮಾಡಿ ಅಂತ ಸರ್ಕಾರ ಹೇಳ್ತಾನೇ ಇದೆ. ಈ ಭಯಕ್ಕೆ ನನ್ನ ವಯಸ್ಸಿನ ಗೆಳತಿಯರು ಯಾರೂ ಗೊತ್ತಿಲ್ಲದ ನಂಬರ್ ಎತ್ತಲ್ಲ, ಎತ್ತಬೇಡಿ ಅಂತ ಮಕ್ಕಳೇ ಹೇಳಿರ್ತಾರೆ. ಹಾಗಿದ್ದಾಗ ನಿಜವಾಗಿ ಕೆಲಸ ಇರೋರು, ಕೊರಿಯರ್ ಹುಡುಗ ಆಗ್ಲಿ, ಲ್ಯಾಬಿನವರಾಗ್ಲಿ, ಹೊಸ ನಂಬರ್ ತಗೊಂಡ ನೆಂಟರಾಗ್ಲಿ, ಕಾಲ್ ಎತ್ತದಿದ್ರೆ ಒಂದು ಸಾಲು ಮೆಸೇಜ್ ಹಾಕಿ, ನಾನು ಇಂಥವನು, ಇಂಥ ಕೆಲಸಕ್ಕೆ ಮಾಡಿದ್ದೆ ಅಂತ. ಬರೀ "ಹಾಯ್" ಅಂತ ಕಳಿಸಿ ಉತ್ತರ ಬರೋ ತನಕ ಸುಮ್ಮನೆ ಕೂರೋದ್ರಿಂದ ಯಾರಿಗೂ ಉಪಯೋಗ ಇಲ್ಲ. "ಅರ್ಜೆಂಟ್, ಕಾಲ್ ಮಾಡಿ" ಅಂತಷ್ಟೇ ಕಳಿಸೋರೂ ಇದಾರೆ, ಓದಿದವರ ಎದೆ ಹೊಡ್ಕೊಳತ್ತೆ, ಗಾಬರಿಯಿಂದ ಮಾಡಿದ್ರೆ ಗ್ಯಾಸ್ ಬುಕ್ಕಿಂಗ್ ನಂಬರ್ ಬೇಕಿತ್ತಂತೆ. ಹೀಗೆ ನಾಕು ಸಲ ಆದ್ರೆ ಐದನೇ ಸಲ ಅರ್ಜೆಂಟ್ ಅನ್ನೋ ಪದಕ್ಕೆ ಬೆಲೆನೇ ಇರಲ್ಲ.

ಸ್ಪೀಕರ್ ವಿಷ್ಯ ಹೇಳಿದ್ರೆ ಮುಗಿಯಲ್ಲ. ನಾವು ಆಪರೇಟರ್‌ಗಳು ಲೈನಲ್ಲಿ ಏನೇನೋ ಕೇಳ್ತಿದ್ವಿ, ಯಾರ ಮನೆ ಜಗಳ, ಯಾರ ಸಾಲ, ಯಾವ ಹುಡುಗಿ ಮದುವೆ ಮುರೀತು, ಒಂದು ಮಾತೂ ಎಕ್ಸ್‌ಚೇಂಜ್ ಬಾಗಿಲು ದಾಟಬಾರ್ದು, ದಾಟಿದ್ರೆ ಕೆಲಸ ಹೋಗತ್ತೆ, ಅಂಥ ಶಿಸ್ತು. ಈಗ ಜನ ತಾವೇ ಬಸ್ ಸ್ಟ್ಯಾಂಡಲ್ಲಿ ಸ್ಪೀಕರ್ ಹಾಕ್ಕೊಂಡು ಸೊಸೆ ಬಗ್ಗೆ, ಕಾಯಿಲೆ ಬಗ್ಗೆ, ಬ್ಯಾಂಕಿನ ಓಟಿಪಿ ಕೂಡ ಜೋರಾಗಿ ಹೇಳ್ತಾರೆ. ಆ ಕಡೆ ಮಾತಾಡ್ತಿರೋರಿಗೆ ಪಾಪ ಗೊತ್ತೇ ಇರಲ್ಲ ತಮ್ಮ ಮಾತನ್ನ ನಲವತ್ತು ಜನ ಕೇಳ್ತಿದಾರೆ ಅಂತ. ಸ್ಪೀಕರ್ ಹಾಕೋದಾದ್ರೆ "ಇಲ್ಲಿ ಬೇರೆಯವರೂ ಇದಾರೆ" ಅಂತ ಒಂದು ಮಾತು ಮೊದ್ಲೇ ಹೇಳ್ಬೇಕು, ಅದು ಅವರ ಹಕ್ಕು. ನಿಯಮ ಇಲ್ಲ ಅಂತಲ್ಲ. ಹೈಕೋರ್ಟ್ ಆದೇಶದ ಮೇಲೆ 2021ರ ನವೆಂಬರಲ್ಲೇ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಮೊಬೈಲಿನ ಹಾಡು ವಿಡಿಯೋ ಜೋರಾಗಿ ಹಾಕೋ ಹಾಗಿಲ್ಲ ಅಂತ ಆಗಿದೆ, ಹೇಳಿದ್ರೂ ಕೇಳದಿದ್ರೆ ಕೆಳಗಿಳಿಸೋ ಅಧಿಕಾರ ಸಿಬ್ಬಂದಿಗೆ ಇದೆ. ರೈಲಲ್ಲಿ ರಾತ್ರಿ ಹತ್ತರ ಮೇಲೆ ಜೋರಾಗಿ ಮಾತಾಡೋದು, ಹಾಡು ಹಾಕೋದು ಬೇಡ ಅಂತ 2022ರಿಂದ ಇದೆ. ಆದ್ರೆ ಪ್ರತಿ ಸೀಟಿಗೂ ಒಬ್ಬೊಬ್ಬರು ಕಾವಲು ನಿಲ್ಲಕ್ಕಾಗತ್ತಾ, ಕೂತಿರೋರಿಗೇ ಅನ್ನಿಸ್ಬೇಕು. ನಾನು ಆವತ್ತು ಆ ಇಬ್ಬರು ಹುಡುಗರಿಗೆ "ಸ್ವಲ್ಪ ಕಮ್ಮಿ ಮಾಡ್ತೀರಾ ಮಗಾ, ಮನೆಯಿಂದ ಮೆಸೇಜ್ ಬಂದಿದೆ" ಅಂತ ಹೇಳಿದ್ರೆ ಮಾಡ್ತಿದ್ರೋ ಏನೋ. ಹೇಳ್ಲಿಲ್ಲ. ಹಿಂದೆ ಎರಡು ಸಲ ಬೇರೆ ಕಡೆ ಹೇಳಿ ಮಾತು ಕೇಳಿಸ್ಕೊಂಡಿದ್ದೆ, ಅದಕ್ಕೆ ಬಾಯಿ ಬರ್ಲಿಲ್ಲ. ಈಗ ಹೇಳ್ತೀನಿ, ಎಲ್ಲಿದ್ರೂ ಹೇಳ್ತೀನಿ.

ಮಣಿಪಾಲದಲ್ಲಿ ಐಸಿಯು ಹೊರಗೆ ನಾಕು ದಿನ ಕೂತಿದ್ನಲ್ಲ, ಅಲ್ಲೂ ಹೀಗೇ. ನಮ್ಮ ಥರಾನೇ ಕಾಯ್ತಾ ಕೂತಿದ್ದ ಜನರ ನಡುವೆ ಯಾರದೋ ಫೋನು ಮದುವೆ ಮನೆ ಬ್ಯಾಂಡಿನ ರಿಂಗ್‌ಟೋನಲ್ಲಿ ಪೂರ್ತಿ ಹೊಡ್ಕೊಳೋದು, ವಿಡಿಯೋ ಕಾಲಲ್ಲಿ ರೋಗಿ ಮುಖ ತೋರಿಸು ಅಂತ ಊರಿಂದ ಒತ್ತಾಯ ಮಾಡೋದು. ಅಕ್ಕನ್ನ ಆ ನಳಿಗೆಗಳ ಸಮೇತ ತೋರಿಸಿ ಅಂತ ನನಗೂ ಮೂರು ಜನ ವಿಡಿಯೋ ಕಾಲ್ ಮಾಡಿದ್ರು. ನಾನು ತೋರಿಸ್ಲಿಲ್ಲ. ಅವರಿಗೆ ಬೇಜಾರಾಗಿದೆ, ಆಗ್ಲಿ. ಅಕ್ಕ ಬಾಗಿಲಿಗೆ ಯಾರಾದ್ರೂ ಬಂದ್ರೆ ಸೆರಗು ಸರಿ ಮಾಡ್ಕೊಂಡು, ಕುಂಕುಮ ನೋಡ್ಕೊಂಡು ಹೊರಗೆ ಬರ್ತಿದ್ದೋರು.

ಗಾಡಿ ಓಡಿಸ್ತಾ ಹೆಲ್ಮೆಟ್ ಒಳಗೆ ಫೋನ್ ತುರುಕ್ಕೊಂಡು ಮಾತಾಡೋದು ತಪ್ಪು, ಗಾಡಿ ಓಡಿಸ್ತಿದಾರೆ ಅಂತ ಗೊತ್ತಾದ ಮೇಲೂ ಮಾತು ಮುಂದುವರಿಸೋ ಆ ಕಡೆಯವರದ್ದೂ ತಪ್ಪು. ನಾನಂತೂ ಹಾರ್ನ್ ಶಬ್ದ ಕೇಳಿಸಿದ್ರೆ "ನಿಲ್ಲಿಸಿ ಮಾಡು" ಅಂತ ನಾನೇ ಕಟ್ ಮಾಡ್ತೀನಿ, ನನ್ನ ಮಗಳಾದ್ರೂ ಅಷ್ಟೇ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಪತ್ರಿಕೆಯಲ್ಲಿ ಮಕ್ಕಳ ಪುಟ ಇರತ್ತಲ್ಲ, ಅದರಲ್ಲಿ ಫೋನಲ್ಲಿ ಸುದ್ದಿ ಹೇಳೋದು ಹೇಗೆ ಅಂತ ಒಂದು ಸಲ ಹಾಕಿ. ಮೇಷ್ಟ್ರುಗಳು, ಮೇಡಮ್ಮುಗಳು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಪಿರಿಯಡ್ ಕೊಡಿ, ಇಬ್ಬಿಬ್ಬರನ್ನ ನಿಲ್ಲಿಸಿ, ಮನೇಲಿ ಅಜ್ಜಿಗೆ ಹುಷಾರಿಲ್ಲ, ದೂರದಲ್ಲಿರೋ ಮಾವಂಗೆ ಇಪ್ಪತ್ತು ಸೆಕೆಂಡಲ್ಲಿ ಹೇಳು ಅಂತ ಮಾಡಿಸಿ. ಯಾರು ಮಾತಾಡ್ತಿರೋದು, ಏನಾಗಿದೆ, ಎಲ್ಲಿದೀವಿ, ನೀವೇನು ಮಾಡ್ಬೇಕು. ಮಕ್ಕಳು ಒಂದೇ ದಿನಕ್ಕೆ ಕಲಿತಾರೆ. ವಾಯ್ಸ್ ಹಾಕಿದ್ರೆ ಅದರ ಕೆಳಗೆ ಎರಡು ಪದ ಟೈಪ್ ಮಾಡೋದು, ಕನ್ನಡ ಆಗದಿದ್ರೆ ಕಂಗ್ಲಿಷಲ್ಲೇ ಆಗ್ಲಿ, "ಅಕ್ಕ ಆಸ್ಪತ್ರೆ" ಅಂತ ಎರಡು ಪದ ಇದ್ದಿದ್ರೆ ನಾನು ಆ ರೈಲಲ್ಲಿ ಎದ್ದು ಬಾಗಿಲ ಹತ್ರ ಹೋಗಿ ನಿಂತು ಪೂರ್ತಿ ಕೇಳ್ತಿದ್ದೆ. ಗ್ರೂಪಲ್ಲಿ ಸಾವು ನೋವಿನ ಸುದ್ದಿ ಹಾಕಿ ಸುಮ್ಮನಾಗೋದು ಬೇಡ, ಹತ್ತಿರದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. ದೂರದ ಊರಲ್ಲಿ, ಹೊರದೇಶದಲ್ಲಿ ಇರೋ ಮಕ್ಕಳೇ, ನಿಮ್ಮ ವಾಯ್ಸ್ ಮೇಲ್ ಡಬ್ಬಿ ಇವತ್ತೇ ತೆಗೆದು ನೋಡಿ, ತುಂಬಿದ್ರೆ ಖಾಲಿ ಮಾಡಿ. ಅಪ್ಪ ಅಮ್ಮ, ಪಕ್ಕದ ಮನೆಯವರು, ಇಬ್ಬರು ನೆಂಟರು, ಇಷ್ಟು ನಂಬರಿಗಾದ್ರೂ ಸೈಲೆಂಟಲ್ಲಿದ್ರೂ ರಿಂಗ್ ಆಗೋ ಹಾಗೆ ಸೆಟ್ ಮಾಡಿ, ಈಗಿನ ಫೋನಲ್ಲಿ ಅದಕ್ಕೆ ದಾರಿ ಇದೆ, ನನ್ನ ಮೊಮ್ಮಗ ಎರಡು ನಿಮಿಷದಲ್ಲಿ ಮಾಡಿಕೊಟ್ಟ.

ಅಕ್ಕನ ಮಗ ಹದಿಮೂರನೇ ದಿನದ ಕಾರ್ಯ ಮುಗಿಸಿ ವಾಪಸ್ ಹೋದ ಮೇಲೆ ಒಂದು ಭಾನುವಾರ ಕೂತು ಆ ಡಬ್ಬಿ ಪೂರ್ತಿ ಕೇಳಿದ್ನಂತೆ. ಅದರಲ್ಲಿ ಅಕ್ಕ ಬಿಟ್ಟ ಮೆಸೇಜೂ ಒಂದಿತ್ತಂತೆ, ಅದರ ಹಿಂದಿನ ವರ್ಷದ ದೀಪಾವಳಿದು, ಅವನು ಕೇಳೇ ಇರ್ಲಿಲ್ಲ. ನನಗೆ ಫೋನ್ ಮಾಡಿ "ಚಿಕ್ಕಮ್ಮ, ಅಮ್ಮ ಹೋಳಿಗೆ ಮಾಡಿದೀನಿ ಅಂತ ಹೇಳಿದಾಳೆ" ಅಂದ, ಆಮೇಲೆ ಇಬ್ಬರೂ ತುಂಬಾ ಹೊತ್ತು ಮಾತಾಡ್ಲಿಲ್ಲ, ಲೈನ್ ಹಾಗೇ ಇತ್ತು.

ವಂದನೆಗಳೊಂದಿಗೆ,
ನಿವೃತ್ತ ಟೆಲಿಫೋನ್ ಆಪರೇಟರ್
ಶಿವಮೊಗ್ಗ